ಉತ್ತರ ಸಾಲದು, ಹಂತಗಳೂ ಬೇಕು

ಗಣಿತ ಪರೀಕ್ಷೆಯ ಒಂದು ನಿಯಮ ನಮಗೆಲ್ಲರಿಗೂ ಗೊತ್ತು. ಐದು ಅಂಕದ ಪ್ರಶ್ನೆಗೆ ಬರೀ ಉತ್ತರ ಬರೆದಿಟ್ಟರೆ ಪೂರ್ತಿ ಅಂಕ ಸಿಗುವುದಿಲ್ಲ. ಕೊನೆಯ ಉತ್ತರ ತಪ್ಪಿದರೂ ಹಂತಗಳು ಸರಿಯಿದ್ದರೆ ಮೂರೋ ನಾಲ್ಕೋ ಅಂಕ ಬರುತ್ತದೆ. ಇದು ಮೌಲ್ಯಮಾಪಕರ ಹಟ ಎಂದು ನಮ್ಮಲ್ಲಿ ಕೆಲವರು ಗೊಣಗುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಗಣಿತದ ಸ್ವಭಾವವೇ ಅದು. ಇಲ್ಲಿ ಯಾರ ಮಾತನ್ನೂ ದೊಡ್ಡವರು ಹೇಳಿದರು ಎಂಬ ಕಾರಣಕ್ಕೆ ಒಪ್ಪಬೇಕಿಲ್ಲ; ಹಂತಗಳನ್ನು ನೋಡಿ, ನಾವೇ ಪರೀಕ್ಷಿಸಿ ಒಪ್ಪಬಹುದು.

ಆದರೆ ಇವತ್ತಿನ ಗಣಿತ ಸಂಶೋಧನೆಯಲ್ಲಿ ಎಷ್ಟೋ ಲೆಕ್ಕಗಳನ್ನು ಮಾಡುವುದು ಕಂಪ್ಯೂಟರ್. ಆ ಕಂಪ್ಯೂಟರ್ ಯಾವ ಹಂತಗಳಲ್ಲಿ ಉತ್ತರಕ್ಕೆ ಬಂತು ಎಂದು ಕೇಳಿದರೆ, ಅನೇಕ ಸಾಫ್ಟ್‌ವೇರ್‌ಗಳು ಬಾಗಿಲು ಮುಚ್ಚಿಕೊಳ್ಳುತ್ತವೆ. ಈ ಬಾಗಿಲು ತೆರೆಯಬೇಕು ಎಂದು ಹಠ ಹಿಡಿದು, ಅದಕ್ಕಾಗಿ ಕೊನೆಗೆ ಪ್ರೊಫೆಸರ್ ಹುದ್ದೆಯನ್ನೇ ಬಿಟ್ಟ ಗಣಿತಜ್ಞರೊಬ್ಬರಿದ್ದಾರೆ. ಅವರ ಹೆಸರು ವಿಲಿಯಂ ಸ್ಟೈನ್, ಊರು ಅಮೆರಿಕ, ಕ್ಷೇತ್ರ ಕಂಪ್ಯೂಟರ್ ಬೀಜಗಣಿತ. ಪಿಯು ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ನಾವು ಅವರ ವೃತ್ತಿಜೀವನವನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಕಾಲೇಜಿನ ಲ್ಯಾಬ್ ಕೂಡ ಅದರಿಂದ ಒಂದು ಪಾಠ ಕಲಿಯಬಹುದು.

ಮೊದಲು ಕಂಪ್ಯೂಟರ್ ಬೀಜಗಣಿತ ಎಂದರೇನು ಎಂದು ನೋಡೋಣ. ಇದನ್ನು ವಿವರಿಸಲು ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಲೆಕ್ಕವೇ ಸಾಕು. ಒಬ್ಬ ಮಹಿಳೆ ಗಂಡ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡರೆ ಮೀರಾಸ್ ಪ್ರಕಾರ ಗಂಡನಿಗೆ ನಾಲ್ಕನೇ ಒಂದು ಪಾಲು; ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಇಷ್ಟು ದೀನಿಯಾತ್ ತರಗತಿಯಲ್ಲೇ ಕಲಿತಿದ್ದೇವೆ. ಈಗ ಆ ಮಹಿಳೆ, ಮಗಳಿಗೆ ಬರುವಷ್ಟೇ ಪಾಲನ್ನು ಮದ್ರಸಾಕ್ಕೂ ಕೊಡಬೇಕು ಎಂದು ವಸಿಯ್ಯತ್ ಮಾಡಿದ್ದರೆ? ವಸಿಯ್ಯತ್ ಮೊದಲು ಕಳೆಯಬೇಕು, ಆದರೆ ಅದು ಎಷ್ಟು ಎಂದು ತಿಳಿಯಲು ಮಗಳ ಪಾಲು ಗೊತ್ತಾಗಬೇಕು. ಮಗಳ ಪಾಲು ಗೊತ್ತಾಗಲು ವಸಿಯ್ಯತ್ ಕಳೆದಿರಬೇಕು! ಗೊತ್ತಿಲ್ಲದ ಆ ಪಾಲನ್ನು 'ಎಕ್ಸ್' ಎಂದು ಇಟ್ಟುಕೊಂಡರೆ ಗಂಟು ಬಿಚ್ಚುತ್ತದೆ. ವಸಿಯ್ಯತ್ ಕಳೆದು ಉಳಿದದ್ದರ ನಾಲ್ಕನೇ ಒಂದು ಭಾಗ ಮಗಳದ್ದು, ಅದೂ ಎಕ್ಸ್‌ಗೆ ಸಮ. ಬಿಡಿಸಿದರೆ ಎಕ್ಸ್ ಎಂದರೆ 1/5. ಆಸ್ತಿಯನ್ನು ಐದು ಪಾಲು ಮಾಡಿ ಮದ್ರಸಾಕ್ಕೆ ಒಂದು, ಗಂಡನಿಗೆ ಒಂದು, ಮಗಳಿಗೆ ಒಂದು, ಮಗನಿಗೆ ಎರಡು.

ಇಂಥ ಬಗೆಯ ಲೆಕ್ಕಗಳೇ ಸುಮಾರು 1,200 ವರ್ಷಗಳ ಹಿಂದೆ ಬಾಗ್ದಾದ್‌ನಲ್ಲಿದ್ದ ಅಲ್-ಖ್ವಾರಿಜ್ಮಿಯವರ ಪುಸ್ತಕದ ದೊಡ್ಡ ಭಾಗವನ್ನು ತುಂಬಿವೆ. ಆ ಪುಸ್ತಕದ ಹೆಸರಿನಲ್ಲಿದ್ದ 'ಅಲ್-ಜಬ್ರ್' ಎಂಬ ಪದದಿಂದ ಆಲ್ಜೀಬ್ರಾ ಬಂತು. ಅವರ ಹೆಸರು ಲ್ಯಾಟಿನ್ ಬಾಯಲ್ಲಿ ತಿರುಚಿಕೊಂಡು ಅಲ್ಗಾರಿದಮ್ ಆಯಿತು. ಕಂಪ್ಯೂಟರ್ ಬೀಜಗಣಿತ ಈ ಎರಡೂ ಪದಗಳು ಮತ್ತೆ ಒಂದೇ ಮನೆಗೆ ಬಂದು ಸೇರಿದ ವಿಷಯ: ಬೀಜಗಣಿತವನ್ನು ಅಲ್ಗಾರಿದಮ್ ಆಗಿಸಿ ಯಂತ್ರಕ್ಕೆ ಕಲಿಸುವುದು.

ಸಾಮಾನ್ಯ ಕ್ಯಾಲ್ಕುಲೇಟರ್ 1/3 ಎಂದರೆ 0.3333 ಎಂದು ಎಲ್ಲೋ ಒಂದು ಕಡೆ ನಿಲ್ಲಿಸುತ್ತದೆ. ಅಂಥ ಮೂರು ಪಾಲು ಕೂಡಿಸಿದರೆ 0.9999 ಬರುತ್ತದೆ, ಒಂದು ಬರುವುದಿಲ್ಲ. ಒಂದಿಷ್ಟು ಆಸ್ತಿ ಯಾರ ಪಾಲಿಗೂ ಸೇರದೆ ಹೋಯಿತು! ಕಂಪ್ಯೂಟರ್ ಬೀಜಗಣಿತದ ಸಾಫ್ಟ್‌ವೇರ್ 1/3 ಅನ್ನು 1/3 ಆಗಿಯೇ, √2 ಅನ್ನು √2 ಆಗಿಯೇ ಇಟ್ಟುಕೊಂಡು ಲೆಕ್ಕ ಮುಂದುವರಿಸುತ್ತದೆ. ಎಕ್ಸ್ ಅನ್ನು ಎಕ್ಸ್ ಆಗಿ ಇಟ್ಟುಕೊಂಡೇ ಅಪವರ್ತಿಸುತ್ತದೆ, ಸಮೀಕರಣ ಬಿಡಿಸುತ್ತದೆ. ನಮಗೆ ದ್ವಿತೀಯ ಪಿಯುನಲ್ಲಿ ತಲೆನೋವಾಗಿರುವ ಇಂಟಿಗ್ರೇಶನ್ ಕೂಡ ಬರೀ ಊಹೆಯ ಆಟವಲ್ಲ. ಒಂದು ಫಂಕ್ಷನ್‌ನ ಇಂಟಿಗ್ರಲ್ ಅನ್ನು ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳಲ್ಲಿ ಬರೆಯಲು ಸಾಧ್ಯವೇ, ಇಲ್ಲವೇ ಎಂದು ತೀರ್ಮಾನಿಸುವ ಕ್ರಮಬದ್ಧ ದಾರಿಯನ್ನು ರಾಬರ್ಟ್ ರಿಶ್ ಎಂಬ ಗಣಿತಜ್ಞರು 1969ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಕಂಪ್ಯೂಟರ್ ಮಾಡಿದರೆ ಗಣಿತಜ್ಞರಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಉತ್ತರಕ್ಕೆ ಒಂದು ಹಳೆಯ ಪ್ರಶ್ನೆಯನ್ನು ನೋಡಿ. 3, 4, 5 ಬಾಹುಗಳ ಲಂಬಕೋನ ತ್ರಿಭುಜದ ವಿಸ್ತೀರ್ಣ 6. ಬಾಹುಗಳು ಪೂರ್ಣಾಂಕ ಅಥವಾ ಭಿನ್ನರಾಶಿ ಆಗಿರಬೇಕು ಎಂಬ ಷರತ್ತಿನಲ್ಲಿ ವಿಸ್ತೀರ್ಣ 5 ಇರುವ ಲಂಬಕೋನ ತ್ರಿಭುಜ ಇದೆಯೇ? ಇದೆ: 3/2, 20/3, 41/6. ಪೆನ್ಸಿಲ್ ಹಿಡಿದು ಪೈಥಾಗೊರಸ್ ಪ್ರಮೇಯದಿಂದ ತಾಳೆ ನೋಡಿ. ವಿಸ್ತೀರ್ಣ 1 ಇರುವಂಥದ್ದು? ಇಲ್ಲ, ಅದನ್ನು ಫರ್ಮಾ ಸಾಧಿಸಿದರು. ಯಾವ ಸಂಖ್ಯೆಗೆ ಇದೆ, ಯಾವುದಕ್ಕೆ ಇಲ್ಲ ಎಂಬ ಈ ಪ್ರಶ್ನೆ 10ನೇ ಶತಮಾನದ ಅರಬ್ ಗಣಿತಜ್ಞರ ಬರಹಗಳಲ್ಲೇ ಇದೆ. ಪ್ರಶ್ನೆ ಹೈಸ್ಕೂಲ್ ಮಟ್ಟದ್ದು, ಆದರೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ವಿಸ್ತೀರ್ಣ 157 ಬೇಕೆಂದರೆ ತ್ರಿಭುಜ ಇದೆ, ಆದರೆ ಅದರ ಅತಿ ಸರಳ ರೂಪದಲ್ಲೂ ಬಾಹುಗಳ ಅಂಶ ಮತ್ತು ಛೇದಗಳು ಹತ್ತಾರು ಅಂಕಿಗಳಷ್ಟು ಉದ್ದ. ಕಣ್ಣಂದಾಜಿನಲ್ಲಿ ಅದನ್ನು ಹುಡುಕಲು ಒಂದು ಜನ್ಮ ಸಾಲದು.

ಈ ಪ್ರಶ್ನೆ ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಗಳ ಗಣಿತಕ್ಕೆ ಸೇರುತ್ತದೆ. (ನಮ್ಮ ಪಠ್ಯದ ದೀರ್ಘವೃತ್ತ ಬೇರೆ, ಇದು ಬೇರೆ.) 1960ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್‌ನಲ್ಲಿ ಬರ್ಚ್ ಮತ್ತು ಸ್ವಿನ್ನರ್ಟನ್-ಡೈಯರ್ ಎಂಬ ಇಬ್ಬರು ಅಂದಿನ ಕಂಪ್ಯೂಟರ್‌ನಲ್ಲಿ ಇಂಥ ವಕ್ರರೇಖೆಗಳ ಲೆಕ್ಕ ಮಾಡುತ್ತಾ ಮಾಡುತ್ತಾ ಒಂದು ವಿನ್ಯಾಸವನ್ನು ಕಂಡರು. ಅವರ ಊಹೆಯನ್ನು ಸಾಧಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು 2000ದಲ್ಲಿ ಕ್ಲೇ ಸಂಸ್ಥೆ ಘೋಷಿಸಿತು. ಬಹುಮಾನ ಇನ್ನೂ ಹಾಗೆಯೇ ಇದೆ. ಇಲ್ಲಿ ಕಂಪ್ಯೂಟರ್ ಗಣಿತಜ್ಞರ ಕೆಲಸವನ್ನು ಕಸಿದುಕೊಳ್ಳಲಿಲ್ಲ, ಅವರಿಗೆ ಹೊಸ ಪ್ರಶ್ನೆಯನ್ನು ತೋರಿಸಿಕೊಟ್ಟಿತು.

ವಿಲಿಯಂ ಸ್ಟೈನ್ ಇದೇ ಕ್ಷೇತ್ರದವರು. 2000ದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೆಂಡ್ರಿಕ್ ಲೆನ್‌ಸ್ಟ್ರಾ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮುಗಿಸಿ ಹಾರ್ವರ್ಡ್‌ನಲ್ಲಿ ಕೆಲಸಕ್ಕೆ ಸೇರಿದರು. ಅವರ ಸಂಶೋಧನೆಗೆ ಬೇಕಾದ ಲೆಕ್ಕ ಮಾಡುವ ಪ್ರೋಗ್ರಾಂ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ತಾವೇ ಬರೆದರು. ಆಮೇಲೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಯಾನನ್ ನೇತೃತ್ವದಲ್ಲಿ ಬೆಳೆದ 'ಮ್ಯಾಗ್ಮಾ' ಎಂಬ ಸಾಫ್ಟ್‌ವೇರ್‌ಗೆ ತಮ್ಮ ಕ್ಷೇತ್ರದ ಭಾಗವನ್ನು ಬರೆದುಕೊಟ್ಟರು. ಮ್ಯಾಗ್ಮಾ ಬಹಳ ಒಳ್ಳೆಯ ಸಾಫ್ಟ್‌ವೇರ್. ಆದರೆ ಹಣ ಕೊಟ್ಟವರಿಗೆ ಮಾತ್ರ, ಅದರ ಒಳತಿರುಳು ಹೊರಗಿನವರಿಗೆ ಕಾಣುವುದಿಲ್ಲ. ಹೀಗೆ ತಾವು ಬರೆದ ಪ್ರೋಗ್ರಾಂ ಬಳಸಲು ಇತರ ವಿದ್ಯಾರ್ಥಿಗಳು ಹಣ ಕಟ್ಟಬೇಕು, ಕಟ್ಟಿದರೂ ಅದರ ತಳಪಾಯ ನೋಡುವಂತಿಲ್ಲ ಎಂಬ ಸ್ಥಿತಿ ಬಂತು.

ಈ ಕೊರಗು ಸ್ಟೈನ್ ಒಬ್ಬರದೇ ಅಲ್ಲ. ಜರ್ಮನಿಯ ಆಖೆನ್‌ನಲ್ಲಿ ಯೋಆಖಿಂ ನಾಯ್‌ಬ್ಯೂಸರ್ ಎಂಬ ಪ್ರೊಫೆಸರ್ 1986ರಲ್ಲಿ 'ಗ್ಯಾಪ್' ಎಂಬ ಮುಕ್ತ ಸಾಫ್ಟ್‌ವೇರ್ ಶುರು ಮಾಡಿದ್ದರು. ಅವರ ವಾದ ಸರಳವಾಗಿತ್ತು. ಗ್ರಂಥಾಲಯದ ಪುಸ್ತಕದಲ್ಲಿ ಒಂದು ಪ್ರಮೇಯವನ್ನೂ ಅದರ ಸಾಧನೆಯನ್ನೂ ಓದಿಕೊಂಡರೆ ಜೀವನಪೂರ್ತಿ ಅದನ್ನು ಬಿಟ್ಟಿಯಾಗಿ ಬಳಸಬಹುದು, ಯಾರೂ ಶುಲ್ಕ ಕೇಳುವುದಿಲ್ಲ. ಸಾಧನೆ ಕಣ್ಣೆದುರಿಗೇ ಇರುವುದರಿಂದ ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ನೋಡಬಹುದು. ಮುಚ್ಚಿದ ಸಾಫ್ಟ್‌ವೇರ್‌ನಲ್ಲಿ ಈ ಎರಡೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ಹಂತ ತೋರಿಸದೆ ಉತ್ತರ ಮಾತ್ರ ಬರೆದಿಟ್ಟ ಉತ್ತರಪತ್ರಿಕೆ.

ಸ್ಟೈನ್ 2005ರಲ್ಲಿ 'ಸೇಜ್' ಎಂಬ ಮುಕ್ತ ಸಾಫ್ಟ್‌ವೇರ್‌ನ ಮೊದಲ ಆವೃತ್ತಿಯನ್ನು ಹೊರತಂದರು. ಎಲ್ಲವನ್ನೂ ಮೊದಲಿನಿಂದ ಬರೆಯುವ ಗೋಜಿಗೆ ಅವರು ಹೋಗಲಿಲ್ಲ. ಆಖೆನ್‌ನ ಗ್ಯಾಪ್, ಫ್ರಾನ್ಸಿನ ಬೋರ್ಡೋದಲ್ಲಿ ಬೆಳೆದ ಪಾರಿ, ಜರ್ಮನಿಯ ಕೈಸರ್ಸ್‌ಲೌಟರ್ನ್‌ನ ಸಿಂಗ್ಯುಲರ್, ಅಮೆರಿಕದ ಎಂಐಟಿಯಲ್ಲಿ ಬೇರು ಬಿಟ್ಟಿದ್ದ ಮ್ಯಾಕ್ಸಿಮಾ, ಹೀಗೆ ಬೇರೆ ಬೇರೆ ಊರುಗಳಲ್ಲಿ ಗಣಿತಜ್ಞರು ವರ್ಷಗಟ್ಟಲೆ ದುಡಿದು ಮಾಡಿದ್ದ ಮುಕ್ತ ಸಾಫ್ಟ್‌ವೇರ್‌ಗಳನ್ನು ಒಂದೇ ಚಾವಣಿಯಡಿ ತಂದು ಜೋಡಿಸಿದರು. ಜೋಡಿಸಲು ಬಳಸಿದ ಭಾಷೆ ಪೈಥಾನ್. ಹೌದು, ನಾವು ಲ್ಯಾಬಿನಲ್ಲಿ ಬರೆಯುತ್ತಿರುವ ಅದೇ ಪೈಥಾನ್. ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿ ಅವರು ಈ ಕೆಲಸವನ್ನು ಬೆಳೆಸಿದರು. ನೂರಾರು ಜನ ಕೈಜೋಡಿಸಿದರು. ಒಬ್ಬರು ಬರೆದುಕೊಟ್ಟದ್ದನ್ನು ಇನ್ನೊಬ್ಬರು ಓದಿ, ಪರೀಕ್ಷಿಸಿ, ಒಪ್ಪಿದ ಮೇಲೆಯೇ ಅದು ಸೇಜ್‌ಗೆ ಸೇರುತ್ತದೆ. 2013ರಲ್ಲಿ ಸ್ಟೈನ್ ಅವರಿಗೆ ಕಂಪ್ಯೂಟರ್ ಬೀಜಗಣಿತದ ಸಾಫ್ಟ್‌ವೇರ್‌ಗಾಗಿ ಕೊಡುವ ರಿಚರ್ಡ್ ಡಿಮಿಕ್ ಜೆಂಕ್ಸ್ ಪ್ರಶಸ್ತಿ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಪ್ರಶಸ್ತಿ ಬಂದರೂ ಸಮಸ್ಯೆ ಉಳಿಯಿತು. ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳು ಒಬ್ಬರನ್ನು ಅಳೆಯುವುದು ಪ್ರಕಟಿಸಿದ ಪ್ರಬಂಧಗಳಿಂದ. ಸಾವಿರಾರು ಜನರ ಸಂಶೋಧನೆಗೆ ಆಧಾರವಾಗುವ ಪ್ರೋಗ್ರಾಂ ಬರೆದರೂ ಅದು 'ಗಣಿತದ ಕೆಲಸ' ಎಂಬ ಲೆಕ್ಕಕ್ಕೆ ಬರುವುದು ಕಡಿಮೆ. ಸೇಜ್‌ಗಾಗಿ ಹಗಲುರಾತ್ರಿ ದುಡಿದ ಯುವ ಗಣಿತಜ್ಞರಿಗೆ ಕಾಯಂ ಕೆಲಸ ಸಿಗುವುದು ಕಷ್ಟವಾಗುತ್ತಿದೆ, ಪೂರ್ಣಾವಧಿಗೆ ಜನರನ್ನು ಇಟ್ಟುಕೊಳ್ಳಲು ಹಣವೂ ಸಿಗುತ್ತಿಲ್ಲ ಎಂದು ಸ್ಟೈನ್ ಬಹಿರಂಗವಾಗಿ ಹೇಳಿದರು. ವಿಶ್ವವಿದ್ಯಾಲಯದ ಒಳಗಿದ್ದುಕೊಂಡು ಇದನ್ನು ಮಾಡಲಾಗದು ಎಂಬ ತೀರ್ಮಾನಕ್ಕೆ ಬಂದು, ತಾವು ಕಟ್ಟಿದ ಕಂಪನಿಗೆ ಪೂರ್ಣ ಸಮಯ ಕೊಡುವುದಾಗಿ 2016ರಲ್ಲಿ ತಿಳಿಸಿದರು. ಆಮೇಲೆ, ಯಾರೂ ತೆಗೆಯಲಾಗದ ಕಾಯಂ ಹುದ್ದೆಯನ್ನೇ ಬಿಟ್ಟರು. ಆ ಕಂಪನಿ ಬ್ರೌಸರ್‌ನಲ್ಲೇ ಗಣಿತದ ಲೆಕ್ಕ ಮಾಡುವ 'ಕೊಕ್ಯಾಲ್ಕ್' ಎಂಬ ಸೇವೆಯನ್ನು ನಡೆಸುತ್ತದೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮ್ಯಾಗ್ಮಾದವರು ಹಣ ಕೇಳಿದ್ದು ದುರಾಸೆಯಿಂದಲ್ಲ. ಅಲ್ಲಿ ದುಡಿಯುವವರಿಗೂ ಸಂಬಳ ಬೇಕು. ಸ್ಟೈನ್ ಅವರೂ ಕೊನೆಗೆ ಹಣ ತರುವ ಕಂಪನಿಯನ್ನೇ ಕಟ್ಟಬೇಕಾಯಿತಲ್ಲ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಮುಕ್ತ ಎಂದರೆ ಖರ್ಚಿಲ್ಲದ್ದು ಎಂದಲ್ಲ. ಯಾರೋ ಒಬ್ಬರು ಆ ಖರ್ಚನ್ನು ಹೊರುತ್ತಾರೆ: ಕೆಲವೊಮ್ಮೆ ಸರ್ಕಾರ, ಕೆಲವೊಮ್ಮೆ ವಿಶ್ವವಿದ್ಯಾಲಯ, ಕೆಲವೊಮ್ಮೆ ತನ್ನ ಬಡ್ತಿಯನ್ನೇ ಕಳೆದುಕೊಂಡ ಒಬ್ಬ ಸಂಶೋಧಕ. ನನ್ನ ತಕರಾರು ಇರುವುದು ಇಷ್ಟಕ್ಕೇ: ಪ್ರಬಂಧ ಬರೆದವನಿಗೆ ಸಂಬಳ ಕೊಡುವ ವಿಶ್ವವಿದ್ಯಾಲಯ, ಆ ಪ್ರಬಂಧಕ್ಕೆ ಬೇಕಾದ ಲೆಕ್ಕದ ಸಾಧನವನ್ನು ಕಟ್ಟಿದವನಿಗೂ ಅಷ್ಟೇ ಮರ್ಯಾದೆ ಕೊಡಬೇಕು. ಅಲ್-ಖ್ವಾರಿಜ್ಮಿಯವರು ಇಂದು ಅಂಥ ವಿಭಾಗವೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರೆ, ಆಸ್ತಿ ಪಾಲು ಮಾಡುವ, ವ್ಯಾಪಾರದ ಲೆಕ್ಕ ಬಿಡಿಸುವ ವಿಧಾನ ಬರೆದವರಿಗೆ ಎಷ್ಟು ಅಂಕ ಕೊಡುತ್ತಿದ್ದರೋ ಏನೋ!

ಈಗ ನಮ್ಮ ಮನೆಯ ವಿಷಯ. ಪಿಸಿಎಂಸಿ ತೆಗೆದುಕೊಂಡ ನಮ್ಮೆಲ್ಲರಿಗೂ ಬಂಧುಗಳು ಕೇಳುವ ಪ್ರಶ್ನೆ ಒಂದೇ: ಸಿಇಟಿ ರ‍್ಯಾಂಕ್ ಎಷ್ಟು ಬರಬಹುದು, ಯಾವ ಬ್ರಾಂಚ್? ನಮ್ಮ ತರಗತಿಯಲ್ಲಿ ಗಣಿತ ಏಣಿಯ ಮೊದಲ ಮೆಟ್ಟಿಲು. ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದ ಕೂಡಲೇ ಹತ್ತಿದ ಏಣಿಯನ್ನು ಒದೆಯಬಹುದು ಎಂಬ ಭಾವನೆ. ಇನ್ನೊಂದು ಕಡೆ, ಗಣಿತ ಇಷ್ಟ ಎಂದವರಿಗೆ 'ಬಿಎಸ್ಸಿ, ಬಿಎಡ್ ಮಾಡಿ ಟೀಚರ್ ಆಗು' ಎಂಬ ಒಂದೇ ಸಲಹೆ. ಟೀಚರ್ ಕೆಲಸ ದೊಡ್ಡದು, ನಮ್ಮನ್ನು ಇಲ್ಲಿಗೆ ತಂದವರೂ ಟೀಚರ್‌ಗಳೇ. ಆದರೆ ಈ ಎರಡೇ ದಾರಿ ಇರುವುದು ಎಂಬುದು ಸುಳ್ಳು. ಗಣಿತವನ್ನೂ ಪ್ರೋಗ್ರಾಮಿಂಗನ್ನೂ ಒಟ್ಟಿಗೆ ಹಿಡಿದುಕೊಂಡು ಹೋಗುವ ದಾರಿ ಇದೆ. ಅದು ಹೂವಿನ ಹಾದಿಯಲ್ಲ ಎಂದು ಸ್ಟೈನ್ ಅವರ ಜೀವನವೇ ಹೇಳುತ್ತದೆ. ಗಲ್ಫ್‌ನಲ್ಲಿ ದುಡಿಯುವ ಅಣ್ಣನ ಹಣದಲ್ಲಿ ಓದುತ್ತಿರುವವರಿಗೆ, ಮನೆಯ ಮೊದಲ ಸಂಬಳ ತರಬೇಕಾದವರಿಗೆ ಇಂಥ ದಾರಿ ಹಿಡಿ ಎಂದು ಸುಲಭವಾಗಿ ಹೇಳಲು ನನಗೆ ಧೈರ್ಯವಿಲ್ಲ. ಇಂಥ ದಾರಿಯೊಂದು ಇದೆ ಎಂದು ತಿಳಿಯುವ ಹಕ್ಕು ಮಾತ್ರ ಅವರಿಗೂ ಇದೆ.

ದೂರದ ಊರಿಗೆ ಓದಲು ಕಳುಹಿಸದ ಮನೆಗಳಿಂದ ಬಂದ ಗೆಳತಿಯರು ನನಗಿದ್ದಾರೆ. ಅವರಿಗೆ ಹೇಳಬೇಕಾದದ್ದು ಇದು: ಸೇಜ್‌ನಂಥ ಕೆಲಸಕ್ಕೆ ಕೈಜೋಡಿಸಲು ಊರು ಬಿಡಬೇಕಿಲ್ಲ. ಅಲ್ಲಿ ಪರಿಶೀಲಿಸುವವರು ನೋಡುವುದು ಬರೆದ ಪ್ರೋಗ್ರಾಂ ಸರಿ ಇದೆಯೇ, ಪರೀಕ್ಷೆಗೆ ನಿಲ್ಲುತ್ತದೆಯೇ ಎಂದು. ಬರೆದವರ ಊರು, ಕಾಲೇಜಿನ ಹೆಸರು ಅದರ ಮೇಲೆ ಅಚ್ಚಾಗಿರುವುದಿಲ್ಲ. ಒಳ್ಳೆಯ ಬಿಎಸ್ಸಿ ಓದು, ಒಂದು ಲ್ಯಾಪ್‌ಟಾಪ್, ಬಹಳಷ್ಟು ತಾಳ್ಮೆ ಇದ್ದರೆ ಶುರು ಮಾಡಬಹುದು.

ನಮ್ಮ ಕಾಲೇಜಿಗೆ ನನ್ನದು ಮೂರು ಸಲಹೆ. ಒಂದು, ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಸೇಜ್ ಹಾಕಿಸಬೇಕು. ಹಳೆಯ ಕಂಪ್ಯೂಟರ್‌ಗಳಿಗೆ ಅದು ಭಾರವಾದರೆ, ಬ್ರೌಸರ್‌ನಲ್ಲೇ ನಡೆಯುವ ಸೇಜ್‌ಮ್ಯಾಥ್‌ಸೆಲ್ ಇದೆ. ಇಂಟರ್‌ನೆಟ್ ಇದ್ದರೆ ಸಾಕು, ಹಣ ಕಟ್ಟಬೇಕಿಲ್ಲ. ದುಬಾರಿ ಸಾಫ್ಟ್‌ವೇರ್‌ನ ಕದ್ದ ಪ್ರತಿ ಹಾಕಿಕೊಳ್ಳುವುದು ಎಲ್ಲೆಡೆ ಮಾಮೂಲಾಗಿದೆ. ಅಮಾನತ್ ಬಗ್ಗೆ ಮಾತಾಡುವ ನಮಗೆ ಅದು ಶೋಭೆಯಲ್ಲ, ಈಗ ಅದರ ಅಗತ್ಯವೂ ಇಲ್ಲ. ಎರಡು, ತಿಂಗಳಿಗೆ ಒಂದು ಪೀರಿಯಡ್ ಗಣಿತದ ಲೆಕ್ಚರರ್ ಮತ್ತು ಕಂಪ್ಯೂಟರ್ ಸೈನ್ಸ್ ಲೆಕ್ಚರರ್ ಒಟ್ಟಿಗೆ ತರಗತಿ ತೆಗೆದುಕೊಳ್ಳಲಿ. ಮ್ಯಾಟ್ರಿಕ್ಸ್ ಅಧ್ಯಾಯದ ಒಂದು ಲೆಕ್ಕವನ್ನು ಮೊದಲು ಬೋರ್ಡಿನ ಮೇಲೆ ಬಿಡಿಸಿ, ಆಮೇಲೆ ಅದನ್ನೇ ಪೈಥಾನ್‌ನಲ್ಲಿ ಬರೆಯೋಣ. ಯಂತ್ರಕ್ಕೆ ಕಲಿಸಲು ಹೊರಟಾಗಲೇ ನಮಗೆ ಎಷ್ಟು ಅರ್ಥವಾಗಿದೆ ಎಂದು ಗೊತ್ತಾಗುವುದು. ಮೂರು, ಮುಂದಿನ ವಿಜ್ಞಾನ ಪ್ರದರ್ಶನದಲ್ಲಿ ಮೀರಾಸ್ ಲೆಕ್ಕ ಮಾಡುವ ಪ್ರೋಗ್ರಾಂ ಒಂದನ್ನು ನಾವೇ ಮಾಡೋಣ. ಭಿನ್ನರಾಶಿಗಳು ಭಿನ್ನರಾಶಿಗಳಾಗಿಯೇ ಉಳಿಯಲಿ, ಪ್ರತಿ ಹಂತವೂ ಪರದೆಯ ಮೇಲೆ ಕಾಣಲಿ. ನಿಯಮಗಳು ಸರಿಯಿವೆಯೇ ಎಂದು ದೀನಿಯಾತ್ ಉಸ್ತಾದರು ನೋಡಲಿ, ಲೆಕ್ಕ ಸರಿಯಿದೆಯೇ ಎಂದು ಗಣಿತದ ಲೆಕ್ಚರರ್ ನೋಡಲಿ. ನಮ್ಮ ಜೂನಿಯರ್‌ಗಳು ಅದನ್ನು ಓದಿ ತಿದ್ದಿ ಬೆಳೆಸಲಿ.

ಬಾವಿ ತೋಡಿಸಿದವರು ಹೋದ ಮೇಲೂ ಜನ ನೀರು ಸೇದುತ್ತಿದ್ದರೆ ಅದಕ್ಕೆ ನಮ್ಮ ಮನೆಗಳಲ್ಲಿ ಸದಖಾ ಜಾರಿಯಾ ಎನ್ನುತ್ತಾರೆ. ಬೇರೆಯವರಿಗೆ ಉಪಯೋಗವಾಗುವ ವಿದ್ಯೆಯೂ ಅದೇ ಸಾಲಿನದು ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಸ್ಟೈನ್ ಅವರು ಕೆಲಸ ಮಾಡಿದ್ದು ತಮ್ಮದೇ ಕಾರಣಗಳಿಗೆ. ಈ ಮಾತನ್ನು ಅವರ ಬಾಯಿಗೆ ಹಾಕಲಾರೆ. ಆದರೆ ಅವರು ಹುದ್ದೆ ಬಿಟ್ಟ ಮೇಲೂ ಸೇಜ್ ನಡೆಯುತ್ತಿದೆ, ಬೇರೆಯವರು ಅದನ್ನು ಬೆಳೆಸುತ್ತಿದ್ದಾರೆ. ಅದನ್ನು ತೆರೆದು ಒಳಗಿನ ಹಂತಗಳನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಹಂತ ತೋರಿಸಿ ಎಂದು ನಮ್ಮನ್ನು ಕೇಳುವ ಗಣಿತ, ತನ್ನ ಯಂತ್ರಗಳನ್ನೂ ಅದೇ ಪ್ರಶ್ನೆ ಕೇಳಬೇಕು. ಆ ಯಂತ್ರಗಳಿಗೆ ಉತ್ತರಿಸಲು ಕಲಿಸುವವರಲ್ಲಿ ನಮ್ಮ ಕಾಲೇಜಿನಿಂದಲೂ ಒಬ್ಬಿಬ್ಬರು ಇರಲಿ.